ಕೊಂಡದ್ದು ಯಾರದು?

ಗೃಹಸ್ಥನ ಮನೆಯಲ್ಲಿ ಪುಸ್ತಕದ ಬೀರುವೊಂದಿದ್ದರೆ ಅದು ಆ ಮನೆತನದ ಚರಿತ್ರೆಯೇ ಸರಿ. ಅದರೊಳಗಿನ ಹಳೆಯ ಹೊತ್ತಗೆಯೊಂದನ್ನು ತೆರೆದು ನೋಡಿದರೆ ಮೊದಲನೆಯ ಪುಟದಲ್ಲಿ ಅಜ್ಜನ ಹಸ್ತಾಕ್ಷರವೂ, ಕೊಂಡ ದಿನದ ತಾರೀಖೂ, ಅಂಚಿನಲ್ಲಿ ತಂದೆಯು ಸೀಸದ ಕಡ್ಡಿಯಿಂದ ಮಾಡಿದ ಗುರುತುಗಳೂ, ನಡುವೆ ಎಲ್ಲಿಯೋ ಮಗುವೊಂದು ಗೀಚಿದ ಬೊಂಬೆಯೂ ಕಾಣುವುದುಂಟು. ಆ ಪುಸ್ತಕವನ್ನು ಅಜ್ಜನು ನೆರೆಯವರಿಗೆ ಓದಲು ಕೊಟ್ಟಿದ್ದನು. ಹೊಲಿಗೆ ಬಿಚ್ಚಿದಾಗ ತಾನೇ ಅಂಟು ಹಾಕಿ ಸರಿಪಡಿಸಿದ್ದನು. ಕೊನೆಗೆ ಮಗನಿಗೆ ಬಿಟ್ಟುಹೋದನು. ಇದಕ್ಕಾಗಿ ಅವನು ಪ್ರಕಾಶಕನ ಅಪ್ಪಣೆಯನ್ನು ಕೇಳಲಿಲ್ಲ; ಕೇಳಬೇಕೆಂದು ಅವನಿಗೆ ತೋರಲೂ ಇಲ್ಲ. ಹಣ ಕೊಟ್ಟು ಕೊಂಡ ವಸ್ತುವು ತನ್ನದೆಂಬುದು ಅವನಿಗೆ ವಾದಕ್ಕೆಡೆಯಿಲ್ಲದ ಸಂಗತಿಯಾಗಿದ್ದಿತು.

ಈಗ ಮನೆಯ ಹುಡುಗರು ಕೈಯೊಳಗಿನ ಫೋನಿನಲ್ಲಿಯೇ ಪುಸ್ತಕವನ್ನು ಕೊಳ್ಳುತ್ತಾರೆ, ಸಂಗೀತವನ್ನು ಕೊಳ್ಳುತ್ತಾರೆ, ಚಲಚ್ಚಿತ್ರವನ್ನು ಕೊಳ್ಳುತ್ತಾರೆ. ಗುಂಡಿಯ ಮೇಲೆ ‘ಕೊಳ್ಳಿರಿ’ ಎಂದೇ ಬರೆದಿರುತ್ತದೆ. ಹಣವೂ ನಿಜವಾಗಿಯೇ ಸಲ್ಲುತ್ತದೆ. ಆದರೆ ಹೀಗೆ ಕೊಂಡುದಕ್ಕೂ ಅಜ್ಜನು ಕೊಂಡುದಕ್ಕೂ ಒಂದೇ ಅರ್ಥವಿದೆಯೆ? ಇಲ್ಲವೆಂದೇ ನಾವು ಹೇಳಬೇಕಾಗಿದೆ. ಈ ಭೇದವನ್ನು ಮನೆಯ ಯಜಮಾನನೂ ಯಜಮಾನಿತಿಯೂ ಅರಿತಿರುವುದು ಅವಶ್ಯವೆಂದು ಭಾವಿಸಿ, ಈ ತಿಂಗಳು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ನಡೆದ ಒಂದು ಸಂಗತಿಯನ್ನು ಹೇಳುವೆವು. 2009ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಅಮೆರಿಕದಲ್ಲಿ ಕಿಂಡಲ್ ಎಂಬ ಓದುವ ಯಂತ್ರವನ್ನಿಟ್ಟುಕೊಂಡಿದ್ದ ಅನೇಕರು, ತಾವು ಹಣ ಕೊಟ್ಟು ಪಡೆದಿದ್ದ ಎರಡು ಪುಸ್ತಕಗಳು ತಮ್ಮ ಯಂತ್ರದಿಂದ ಮಾಯವಾಗಿರುವುದನ್ನು ಕಂಡರು. ಆ ಪುಸ್ತಕಗಳನ್ನು ಮಾರಿಸಿದ್ದವರಿಗೆ ಅವುಗಳ ಹಕ್ಕಿರಲಿಲ್ಲವೆಂದು ತಿಳಿದುಬಂದುದರಿಂದ, ಅಮೆಜಾನ್ ಕಂಪೆನಿಯು ತಾನು ಕುಳಿತಲ್ಲಿಂದಲೇ ಗಿರಾಕಿಗಳ ಯಂತ್ರಗಳನ್ನು ಹೊಕ್ಕು ಅವನ್ನು ಅಳಿಸಿಹಾಕಿದ್ದಿತು, ಹಣವನ್ನು ಹಿಂದಿರುಗಿಸಿತು. ಒಬ್ಬ ವಿದ್ಯಾರ್ಥಿಯು ಪಾಠಕ್ಕಾಗಿ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳು ಪುಸ್ತಕದೊಡನೆ ನಿರರ್ಥಕವಾದವು. ಆ ಎರಡು ಪುಸ್ತಕಗಳೂ ಜಾರ್ಜ್ ಆರ್ವೆಲ್ಲನವು. ಅವುಗಳಲ್ಲೊಂದು, ಪ್ರಜೆಗಳ ದಾಖಲೆಗಳನ್ನು ಸರ್ಕಾರವೇ ತಿದ್ದಿ ಅಳಿಸುವ ರಾಜ್ಯವೊಂದರ ಕಥೆಯಾದ ‘1984’. ಕಂಪೆನಿಯ ಮುಖ್ಯಸ್ಥರಾಗಿದ್ದ ಜೆಫ್ ಬೆಜೋಸರು ಬಹಿರಂಗವಾಗಿ ಕ್ಷಮೆಯನ್ನು ಬೇಡಿದರೆಂಬುದು ನಿಜ. ಆದರೆ ಪುಸ್ತಕದ ಅಂಗಡಿಯವನು ನಡುರಾತ್ರಿ ನಮ್ಮ ಮನೆಯನ್ನು ಹೊಕ್ಕು, ಬೀರುವಿನಿಂದ ಪುಸ್ತಕವನ್ನೆತ್ತಿಕೊಂಡು, ಮೇಜಿನ ಮೇಲೆ ಅದರ ಬೆಲೆಯನ್ನಿಟ್ಟು ಹೋದರೆ ನಾವು ಏನೆನ್ನುವೆವೋ ಅದನ್ನೇ ಇಲ್ಲಿಯೂ ಹೇಳಬೇಕಲ್ಲವೆ?

ಇದೊಂದೇ ಉದಾಹರಣೆಯಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ತನ್ನ ಪುಸ್ತಕದ ಅಂಗಡಿಯನ್ನು ಮುಚ್ಚಿತು. ಅಂಗಡಿಯು ಮುಚ್ಚುವುದು ಲೋಕದಲ್ಲಿ ಹೊಸದಲ್ಲ. ಆದರೆ ಅಂಗಡಿ ಮುಚ್ಚಿದೊಡನೆ ಅಲ್ಲಿ ಹಿಂದೆ ಕೊಂಡಿದ್ದ ಪುಸ್ತಕಗಳೂ ಗಿರಾಕಿಗಳ ಕೈಯಲ್ಲಿ ತೆರೆಯದಂತಾದುದು ಹೊಸದು. ಇಲ್ಲಿಯೂ ಹಣವು ಹಿಂದೆ ಬಂದಿತು, ಪುಸ್ತಕವು ಬರಲಿಲ್ಲ. ಕೊಂಡ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಓದುವ ಯಂತ್ರಕ್ಕೆ ಸಾಗಿಸುವ ಸೌಕರ್ಯವೊಂದು ಅಮೆಜಾನ್ ಕಂಪೆನಿಯಲ್ಲಿದ್ದಿತು. ಅದನ್ನೂ 2025ರ ಫೆಬ್ರವರಿಯಲ್ಲಿ ತೆಗೆದುಹಾಕಿದರು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ಸ್ವಲ್ಪ ವಿಚಾರಿಸೋಣ. ಡಿಜಿಟಲ್ ಪುಸ್ತಕವನ್ನೋ ಹಾಡನ್ನೋ ಕೊಳ್ಳುವಾಗ ನಾವು ಓದದೆಯೇ ‘ಒಪ್ಪಿದೆ’ ಎಂದು ಒತ್ತಿಬಿಡುವ ಉದ್ದವಾದ ಒಪ್ಪಂದಪತ್ರವೊಂದಿದೆ. ಸಾಧಾರಣವಾಗಿ ಅದರಲ್ಲಿ ಬರೆದಿರುವುದೇನೆಂದರೆ: ಈ ವಸ್ತುವನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಿಗೆಯನ್ನು ಮಾತ್ರ ಕೊಟ್ಟಿದೆ. ಈ ಮಾತು ಕಾಗದದಲ್ಲಿಯೇ ಉಳಿಯದಂತೆ ಅದಕ್ಕೊಂದು ಬೀಗವನ್ನೂ ಹಾಕಿರುತ್ತಾರೆ. ಪುಸ್ತಕದ ಅಕ್ಷರಗಳನ್ನು ಗೂಢಲಿಪಿಗೆ ತಿರುಗಿಸಿಟ್ಟು, ಬಿಡಿಸುವ ಕೀಲಿಯನ್ನು ಕಂಪೆನಿಯ ಯಂತ್ರದಿಂದ ನಮ್ಮ ಯಂತ್ರವು ಕೇಳಿ ಪಡೆಯುವಂತೆ ಏರ್ಪಡಿಸುತ್ತಾರೆ. ಪುಸ್ತಕವು ನಮ್ಮ ಮನೆಯಲ್ಲಿದ್ದರೂ ಬೀಗದ ಕೈಯು ಮಾರಿದವನ ಮನೆಯಲ್ಲಿಯೇ ಇರುತ್ತದೆ. ಅವನು ಕೀಲಿಯನ್ನು ಕೊಡುವುದನ್ನು ನಿಲ್ಲಿಸಿದ ದಿನ ನಮ್ಮಲ್ಲಿ ಉಳಿಯುವುದು ಅರ್ಥವಾಗದ ಅಂಕೆಗಳ ರಾಶಿ.

ಕಾಯಿದೆಯು ಹಿಂದೆ ಈ ಪ್ರಶ್ನೆಯನ್ನು ಬಗೆಹರಿಸಿರಲಿಲ್ಲವೆ ಎಂದು ವಾಚಕರು ಕೇಳಬಹುದು. ಬಗೆಹರಿಸಿದ್ದಿತು. ಅಮೆರಿಕದ ಪ್ರಕಾಶಕರೊಬ್ಬರು ತಮ್ಮ ಕಾದಂಬರಿಯೊಂದರ ಒಳಪುಟದಲ್ಲಿ, ಇದನ್ನು ಒಂದು ಡಾಲರಿಗಿಂತ ಕಡಮೆಗೆ ಮಾರಲು ಯಾವ ವ್ಯಾಪಾರಿಗೂ ಪರವಾನಿಗೆಯಿಲ್ಲವೆಂದು ಅಚ್ಚುಹಾಕಿಸಿದ್ದರು. ನ್ಯೂಯಾರ್ಕಿನ ಮೇಸೀಸ್ ಎಂಬ ದೊಡ್ಡ ಅಂಗಡಿಯವರು ಅದನ್ನು ಲಕ್ಷಿಸದೆ 89 ಸೆಂಟಿಗೆ ಮಾರಿದರು. ವ್ಯಾಜ್ಯವು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 1908ರಲ್ಲಿ ತೀರ್ಪಾಯಿತು. ಗ್ರಂಥಸ್ವಾಮ್ಯವುಳ್ಳವನು ಒಂದು ಪ್ರತಿಯನ್ನು ಒಮ್ಮೆ ಮಾರಿದ ಮೇಲೆ, ಆ ಪ್ರತಿಯನ್ನು ಕೊಂಡವನು ಮುಂದೆ ಯಾವ ಬೆಲೆಗೆ ಮಾರಬೇಕೆಂದು ವಿಧಿಸಲಾರನೆಂಬುದೇ ಆ ತೀರ್ಪಿನ ಸಾರ. ಹಳೆಯ ಪುಸ್ತಕದ ವ್ಯಾಪಾರಕ್ಕೂ ಸಾರ್ವಜನಿಕ ಪುಸ್ತಕಭಂಡಾರಕ್ಕೂ ಈ ತತ್ತ್ವವೇ ಬೆಂಬಲ. ಆದರೆ ಇದು ಮಾರಾಟಕ್ಕೆ ಅನ್ವಯಿಸುವ ತತ್ತ್ವ. ಮಾರಿಯೇ ಇಲ್ಲ, ಪರವಾನಿಗೆ ಕೊಟ್ಟೆವೆಂದ ಮೇಲೆ ಕೊಂಡವನ ಹಕ್ಕು ಎಲ್ಲಿಂದ ಬರಬೇಕು? ಯೂರೋಪಿನ ನ್ಯಾಯಾಲಯವು 2012ರಲ್ಲಿ, ಶಾಶ್ವತವಾಗಿ ಬಳಸಲು ಕೊಂಡ ತಂತ್ರಾಂಶವನ್ನು ಕೊಂಡವನು ಮರುಮಾರಾಟ ಮಾಡಬಹುದೆಂದು ಹೇಳಿತಾದರೂ, 2019ರಲ್ಲಿ ಡಿಜಿಟಲ್ ಪುಸ್ತಕಗಳಿಗೆ ಆ ಮಾತು ಸಲ್ಲದೆಂದು ನಿರ್ಣಯಿಸಿತು. ಕ್ಯಾಲಿಫೋರ್ನಿಯ ಸಂಸ್ಥಾನದವರು 2024ರಲ್ಲಿ ಬೇರೊಂದು ಮಾರ್ಗವನ್ನು ಹಿಡಿದರು. ಕೊಡುವುದು ಪರವಾನಿಗೆ ಮಾತ್ರವಾಗಿದ್ದರೆ, ಆ ಸಂಗತಿಯನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂಬ ಶಬ್ದವನ್ನು ಬಳಸಕೂಡದೆಂದು ಅವರ ಶಾಸನವು ವಿಧಿಸುತ್ತದೆ. ಇದು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಬಾಡಿಗೆಯನ್ನು ಕ್ರಯವೆಂದು ಕರೆಯಕೂಡದೆಂಬ ಈ ನಿಯಮವು ನಮಗೆ ಬಹು ನ್ಯಾಯವಾಗಿ ತೋರುತ್ತದೆ.

ಬೀಗವನ್ನು ಮುರಿದರೆ ಏನಾಗುವುದು? 1998ರಲ್ಲಿ ಅಮೆರಿಕದವರು ಮಾಡಿದ ಶಾಸನದ ಮೇರೆಗೆ ಇಂತಹ ಬೀಗವನ್ನು ಭೇದಿಸುವುದೇ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಾಯಿದೆಗೆ ವಿರುದ್ಧ. ನಮ್ಮ ದೇಶದ ಗ್ರಂಥಸ್ವಾಮ್ಯ ಶಾಸನಕ್ಕೆ 2012ರಲ್ಲಿ ಸೇರಿಸಿದ 65ಎ ಪ್ರಕರಣವು ಇದಕ್ಕಿಂತ ವಿವೇಕದಿಂದ ಕೂಡಿದೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗವನ್ನು ಭೇದಿಸಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನೂ ಜುಲ್ಮಾನೆಯನ್ನೂ ಅದು ವಿಧಿಸುತ್ತದೆ. ಆದರೆ ಶಾಸನವು ಸ್ಪಷ್ಟವಾಗಿ ನಿಷೇಧಿಸದ ಕಾರ್ಯಕ್ಕಾಗಿ ಮಾಡಿದುದನ್ನು ಅದು ತಡೆಯುವುದಿಲ್ಲ. ಕಳ್ಳನ ಉದ್ದೇಶವನ್ನೂ ಗೃಹಸ್ಥನ ಅಗತ್ಯವನ್ನೂ ಬೇರೆಬೇರೆಯಾಗಿ ಕಾಣುವ ಈ ವಿವೇಚನೆಯು ಶ್ಲಾಘ್ಯವಾದುದು.

ಈ ಭೇದದ ಮಹತ್ತ್ವವನ್ನು ನಾರ್ವೆ ದೇಶದ ಒಂದು ಮೊಕದ್ದಮೆಯು ಚೆನ್ನಾಗಿ ತೋರಿಸುತ್ತದೆ. 1999ರಲ್ಲಿ ಯೋನ್ ಯೋಹಾನ್ಸನ್ ಎಂಬ ಹದಿಹರೆಯದ ಹುಡುಗನು ಮತ್ತಿಬ್ಬರೊಡಗೂಡಿ, ಡಿವಿಡಿ ತಟ್ಟೆಗಳ ಬೀಗವನ್ನು ಬಿಡಿಸುವ ಒಂದು ಸಣ್ಣ ತಂತ್ರಾಂಶವನ್ನು ಪ್ರಕಟಿಸಿದನು. ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವ ಕಂಪ್ಯೂಟರಿನಲ್ಲಿ ಆ ತಟ್ಟೆಗಳನ್ನು ಆಡಿಸಲು ಆಗ ಬೇರೆ ಉಪಾಯವಿರಲಿಲ್ಲವೆಂಬುದು ಅವನ ವಾದ. ಚಲಚ್ಚಿತ್ರೋದ್ಯಮದವರ ದೂರಿನ ಮೇಲೆ ಅವನ ವಿಚಾರಣೆಯು ನಡೆಯಿತು. ತಾನು ನ್ಯಾಯವಾಗಿ ಕೊಂಡ ಚಿತ್ರವನ್ನು ತನ್ನ ಯಂತ್ರದಲ್ಲಿ ತಾನು ನೋಡುವುದು ಅಪರಾಧವಲ್ಲವೆಂದು 2003ರ ಜನವರಿಯಲ್ಲಿ ಕೆಳಗಿನ ನ್ಯಾಯಾಲಯವೂ, ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯವೂ ಅವನನ್ನು ಬಿಡುಗಡೆ ಮಾಡಿದವು.

ಆ ಹುಡುಗನ ವಾದದಲ್ಲಿ ಬಂದ ಲಿನಕ್ಸಿನ ಹೆಸರು ನಮ್ಮನ್ನು ಈ ವಿಷಯದ ಇನ್ನೊಂದು ಮುಖಕ್ಕೆ ಕರೆದೊಯ್ಯುತ್ತದೆ. ಬೀಗ ಹಾಕದೆಯೂ ಕೃತಿಗಳನ್ನು ರಚಿಸಿ ಲೋಕಕ್ಕೆ ಕೊಡಬಹುದೆಂದು ಸಾಧಿಸಿ ತೋರಿಸಿದವರ ಕಥೆ ಅದು.

ತಂತ್ರಾಂಶವೆಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಸರಣಿ. ಅದನ್ನು ಮೊದಲು ಮನುಷ್ಯನು ಓದಿ ತಿಳಿಯಬಹುದಾದ ಭಾಷೆಯಲ್ಲಿ ಬರೆಯುತ್ತಾರೆ. ಇದಕ್ಕೆ ಮೂಲಸಂಕೇತವೆಂದು ಹೆಸರು. ಅನಂತರ ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ಅಂಕೆಗಳಿಗೆ ಪರಿವರ್ತಿಸುತ್ತಾರೆ. ಸಾಮಾನ್ಯವಾಗಿ ಕಂಪೆನಿಗಳು ನಮಗೆ ಕೊಡುವುದು ಈ ಎರಡನೆಯದನ್ನು. ಗೃಹಿಣಿಯರಿಗೆ ತಿಳಿಯುವಂತೆ ಹೇಳಬೇಕಾದರೆ, ಸಾರಿನ ಪುಡಿಯನ್ನು ಮಾರುತ್ತಾರೆ, ಅದರ ಪ್ರಮಾಣವನ್ನು ಹೇಳುವುದಿಲ್ಲ. ಹೇಳದಿದ್ದರೆ ಚಿಂತೆಯಿಲ್ಲವೆನ್ನಬಹುದು, ಆದರೆ ಮೆಣಸಿನ ಖಾರವು ಮನೆಯ ಮುದುಕರಿಗೆ ಒಗ್ಗದಿದ್ದಾಗ, ಅಥವಾ ಅಂಗಡಿಯವನು ಆ ಪುಡಿಯನ್ನು ತಯಾರಿಸುವುದನ್ನೇ ಬಿಟ್ಟಾಗ, ಪ್ರಮಾಣವನ್ನರಿಯದವರು ಏನನ್ನೂ ಮಾಡಲಾರರು.

ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಪ್ರಯೋಗಶಾಲೆಯೊಂದರಲ್ಲಿ ಕೆಲಸಮಾಡುತ್ತಿದ್ದ ರಿಚರ್ಡ್ ಸ್ಟಾಲ್ಮನ್ ಎಂಬುವರಿಗೆ 1980ರ ಸುಮಾರಿನಲ್ಲಿ ಇಂತಹ ಅನುಭವವಾಯಿತು. ಅಲ್ಲಿದ್ದ ಹಳೆಯ ಮುದ್ರಣಯಂತ್ರದಲ್ಲಿ ಕಾಗದವು ಸಿಕ್ಕಿಕೊಂಡರೆ, ಮುದ್ರಣಕ್ಕೆ ಕಾದಿರುವವರಿಗೆ ತಾನಾಗಿ ಸುದ್ದಿ ಮುಟ್ಟುವಂತೆ ಅವರು ಅದರ ತಂತ್ರಾಂಶವನ್ನು ತಿದ್ದಿದ್ದರು. ಹೊಸದಾಗಿ ಬಂದ ಯಂತ್ರದಲ್ಲಿಯೂ ಹಾಗೆಯೇ ಮಾಡಬೇಕೆಂದರೆ ಮೂಲಸಂಕೇತವು ದೊರೆಯಲಿಲ್ಲ. ಅದನ್ನು ಬಲ್ಲ ಪಂಡಿತರೊಬ್ಬರನ್ನು ಕೇಳಲು, ಯಾರಿಗೂ ಕೊಡುವುದಿಲ್ಲವೆಂದು ಕಂಪೆನಿಗೆ ಮಾತು ಕೊಟ್ಟಿದ್ದೇನೆಂದು ಅವರು ನಿರಾಕರಿಸಿದರು. ಕಾಗದ ಸಿಕ್ಕಿಕೊಳ್ಳುವುದು ಸಣ್ಣ ತೊಂದರೆಯೇ ಸರಿ. ನೆರೆಯವನಿಗೆ ಸಹಾಯಮಾಡುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿರುವುದು ಸಣ್ಣದಲ್ಲವೆಂದು ಸ್ಟಾಲ್ಮನ್ನರಿಗೆ ತೋರಿತು. 1983ರ ಸೆಪ್ಟೆಂಬರಿನಲ್ಲಿ, ಎಲ್ಲರೂ ಸ್ವತಂತ್ರವಾಗಿ ಬಳಸಬಹುದಾದ ಒಂದು ಸಂಪೂರ್ಣ ವ್ಯವಸ್ಥೆಯನ್ನು ಕಟ್ಟುವೆನೆಂದು ಅವರು ಪ್ರಕಟಿಸಿದರು. ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1985ರಲ್ಲಿ ಆ ಕಾರ್ಯಕ್ಕಾಗಿ ಒಂದು ಪ್ರತಿಷ್ಠಾನವನ್ನೂ ಸ್ಥಾಪಿಸಿದರು.

ಅವರು ಕೇಳಿದ ಸ್ವಾತಂತ್ರ್ಯಗಳು ನಾಲ್ಕು: ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ನಡೆಸುವುದು, ಅದನ್ನು ಅಭ್ಯಸಿಸಿ ತಿದ್ದಿಕೊಳ್ಳುವುದು, ಅದರ ಪ್ರತಿಯನ್ನು ಇತರರಿಗೆ ಕೊಡುವುದು, ತಿದ್ದಿದ ಪ್ರತಿಯನ್ನೂ ಕೊಡುವುದು. ವಾಚಕರು ಗಮನಿಸಿದರೆ, ನಮ್ಮ ಅಜ್ಜನು ತನ್ನ ಪುಸ್ತಕದ ವಿಷಯದಲ್ಲಿ ಯಾರನ್ನೂ ಕೇಳದೆ ನಡೆಸಿದ ಕಾರ್ಯಗಳಿಗೆ ಇವು ಹತ್ತಿರದ ಬಂಧುಗಳೆಂದು ತಿಳಿಯುವುದು. ಇವುಗಳನ್ನು ಕಾಪಾಡಲು 1989ರಲ್ಲಿ ಅವರು ರಚಿಸಿದ ಪರವಾನಿಗೆಯಲ್ಲಿ ಒಂದು ಜಾಣ್ಮೆಯಿದೆ. ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಟ್ಟರೆ, ಮತ್ತೊಬ್ಬನು ಆ ಕೃತಿಯನ್ನು ತಿದ್ದಿ, ಬೀಗ ಹಾಕಿ, ತನ್ನದೆಂದು ಮಾರಬಹುದು. ಆದ್ದರಿಂದ ಅವರು ಗ್ರಂಥಸ್ವಾಮ್ಯವನ್ನು ಬಿಡದೆ ಇಟ್ಟುಕೊಂಡು, ಈ ಕೃತಿಯನ್ನು ಪಡೆದವನು ಮುಂದಿನವನಿಗೆ ಕೊಡುವಾಗ ಇವೇ ಸ್ವಾತಂತ್ರ್ಯಗಳೊಡನೆ ಕೊಡತಕ್ಕದ್ದೆಂದು ಷರತ್ತು ಹಾಕಿದರು. ತಡೆಯುವುದಕ್ಕಾಗಿ ಹುಟ್ಟಿದ ಕಾಯಿದೆಯಿಂದಲೇ ಹಂಚುವುದನ್ನು ಸಾಧಿಸಿದಂತಾಯಿತು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ರಚಿಸಿದ ಲಿನಕ್ಸು ಮರುವರ್ಷ ಇದೇ ಪರವಾನಿಗೆಗೆ ಸೇರಿತು. ಇಂದು ಆಂಡ್ರಾಯಿಡ್ ಫೋನುಗಳ ಹೃದಯದಲ್ಲಿರುವುದು ಆ ಲಿನಕ್ಸೇ. ‘ಓಪನ್ ಸೋರ್ಸ್’ ಎಂಬ ಹೆಸರು 1998ರಲ್ಲಿ ಬಂದುದು. ಕನ್ನಡದಲ್ಲಿ ಮುಕ್ತ ತಂತ್ರಾಂಶವೆನ್ನುವುದು ರೂಢಿಯಾಗಿದೆ. ಇಲ್ಲಿ ಮುಕ್ತವೆಂದರೆ ಬಿಟ್ಟಿಯೆಂದು ಅರ್ಥವಲ್ಲ. ಬೆಲೆ ಕಟ್ಟಿ ಮಾರುವುದಕ್ಕೂ ಇದರಲ್ಲಿ ಅಡ್ಡಿಯಿಲ್ಲ. ಕೊಂಡವನ ಕೈಯನ್ನು ಕಟ್ಟಿಹಾಕಬಾರದೆಂಬುದಷ್ಟೇ ನಿಯಮ.

ಇದೆಲ್ಲವೂ ಪರದೇಶದ ಪಂಡಿತರ ವಿವಾದ, ನಮ್ಮ ಮನೆಗೂ ಇದಕ್ಕೂ ಸಂಬಂಧವೇನು ಎಂದು ಯಾರಾದರೂ ಕೇಳಿದರೆ, ಈಚೆಗೆ ನಾವೇ ಕಂಡುದನ್ನು ಹೇಳುವೆವು.

ನಮ್ಮ ಮಿತ್ರರೊಬ್ಬರ ತಂದೆಯವರು ನಿವೃತ್ತರಾದ ಮೇಲೆ, ಸುಮಾರು 2000ನೆಯ ಇಸವಿಯಲ್ಲಿ, ಕಂಪ್ಯೂಟರಿನಲ್ಲಿ ಕನ್ನಡವನ್ನು ಬೆರಳಚ್ಚು ಮಾಡುವುದನ್ನು ಕಲಿತು ತಮ್ಮ ಬಾಳಿನ ಕಥೆಯನ್ನು ಬರೆದಿಟ್ಟಿದ್ದರು. ಅವರು ತೀರಿಕೊಂಡು ಹಲವು ವರ್ಷಗಳಾದ ಮೇಲೆ, ಮೊಮ್ಮಗಳ ಮದುವೆಯ ಸಮಯದಲ್ಲಿ ಅದನ್ನು ಅಚ್ಚುಹಾಕಿಸಿ ಬಂಧುಗಳಿಗೆ ಹಂಚಬೇಕೆಂದು ಮಿತ್ರರು ಆ ಕಡತವನ್ನು ತೆರೆದರು. ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ; ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಪುಟಗಟ್ಟಲೆ ತುಂಬಿದ್ದವು. ಕಡತವು ಕೆಟ್ಟಿರಲಿಲ್ಲ. ಆ ಕಾಲದ ಅನೇಕ ಕನ್ನಡ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಆಕಾರವನ್ನು ಕೂರಿಸುತ್ತಿದ್ದರು. ಕಡತದಲ್ಲಿ ಉಳಿಯುತ್ತಿದ್ದುದು ರೋಮನ್ ಅಕ್ಷರವೇ. ಒಂದೊಂದು ತಂತ್ರಾಂಶದವರದೂ ಒಂದೊಂದು ಏರ್ಪಾಡು. ಆ ಅಕ್ಷರಶೈಲಿಯು ಯಂತ್ರದಲ್ಲಿರುವವರೆಗೆ ಕನ್ನಡವು ಕಾಣುತ್ತಿದ್ದಿತು, ಅದಿಲ್ಲದಿದ್ದರೆ ಇಲ್ಲ. ತಂದೆಯವರು ಬರೆದುದು ತಮ್ಮ ಸ್ವಂತ ಮಾತು. ಅದನ್ನು ಓದುವ ಕೀಲಿಯು ಮಾತ್ರ ಬೇರೊಬ್ಬರ ಪೆಟ್ಟಿಗೆಯಲ್ಲಿ ಉಳಿದುಹೋಗಿದ್ದಿತು.

ಆ ಮಿತ್ರರು ಎರಡು ಮೂರು ಕಡೆ ವಿಚಾರಿಸಿ ನಿರಾಶರಾಗಿ ನಮ್ಮಲ್ಲಿಗೆ ಬಂದರು. ಕನ್ನಡದ ಕೆಲವರು ಉತ್ಸಾಹಿಗಳು ಇಂತಹ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳನ್ನು ಬರೆದು, ಮೂಲಸಂಕೇತದೊಡನೆ ಎಲ್ಲರಿಗೂ ಬಿಟ್ಟುಕೊಟ್ಟಿರುವ ಸಂಗತಿಯು ನಮಗೆ ತಿಳಿದಿದ್ದಿತು. ಅಂತಹದೊಂದನ್ನು ಪ್ರಯೋಗಿಸಿದೆವು. ಮೊದಲ ಸಲಕ್ಕೆ ಒತ್ತಕ್ಷರಗಳೂ ಅರ್ಕಾವೊತ್ತೂ ಹಲವೆಡೆ ತಪ್ಪಿದವು. ಮೂಲಸಂಕೇತವು ತೆರೆದಿದ್ದುದರಿಂದ, ಮಿತ್ರರ ಅಣ್ಣನ ಮಗನು ಎರಡು ಸಂಜೆ ಕುಳಿತು ಅಕ್ಷರಗಳ ಪಟ್ಟಿಯನ್ನು ತಿದ್ದಿದನು. ಮೂರನೆಯ ಸಂಜೆ ಪರದೆಯ ಮೇಲೆ ತಂದೆಯವರ ಬಾಲ್ಯದ ಊರೂ, ತೊರೆಯೂ, ಪ್ಲೇಗಿನಲ್ಲಿ ತೀರಿಕೊಂಡ ಅತ್ತೆಯ ಹೆಸರೂ ಕನ್ನಡದಲ್ಲಿ ಮೂಡಿದಾಗ ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ. ಆ ಅತ್ತೆಯ ಹೆಸರು ಮನೆಯಲ್ಲಿ ಮತ್ತಾರಿಗೂ ತಿಳಿದಿರಲಿಲ್ಲವಂತೆ.

ಕನ್ನಡದ ಪ್ರತಿಯೊಂದಕ್ಷರಕ್ಕೂ ಲೋಕದಲ್ಲೆಲ್ಲ ಒಂದೇ ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡಿನಲ್ಲಿ, 1991ರ ಮೊದಲನೆಯ ಆವೃತ್ತಿಯಿಂದಲೂ ನಮ್ಮ ಲಿಪಿಯಿದೆ. ಅದು ಪ್ರಕಟವಾದ ನಿಯಮ. ಯಾವೊಬ್ಬ ವ್ಯಾಪಾರಿಯ ಗುಟ್ಟೂ ಅಲ್ಲ. ಇಂದು ಯೂನಿಕೋಡಿನಲ್ಲಿ ಬರೆದಿಟ್ಟುದನ್ನು ನಾಳೆ ಬೇರೊಂದು ಯಂತ್ರದಲ್ಲಿ, ಬೇರೊಂದು ತಂತ್ರಾಂಶದಲ್ಲಿ ಓದಬಹುದೆಂಬ ಭರವಸೆಯು ಆ ಬಹಿರಂಗತೆಯಿಂದಲೇ ಬಂದುದು.

ಮತ್ತೊಂದು ಉದಾಹರಣೆಯು ಇದಕ್ಕಿಂತಲೂ ಹೃದಯಕ್ಕೆ ಹತ್ತಿರವಾದುದು. ಕಣ್ಣಿಲ್ಲದವರಿಗೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಹಿಂದಿನಿಂದಲೂ ಇದ್ದರೂ, ಅವುಗಳ ಬೆಲೆಯು ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯದ ಮೈಕಲ್ ಕರನ್ ಎಂಬುವರು ಎನ್.ವಿ.ಡಿ.ಎ. ಎಂಬ ಮುಕ್ತ ತಂತ್ರಾಂಶವನ್ನು ಆರಂಭಿಸಿದರು. ಜೇಮ್ಸ್ ಟೆ ಎಂಬುವರು ಜೊತೆಗೂಡಿದರು. ಇಬ್ಬರೂ ದೃಷ್ಟಿಹೀನರು. ಅದರೊಡನೆ ಬರುವ ಈಸ್ಪೀಕ್ ಎಂಬ ಮುಕ್ತ ಧ್ವನಿಯಂತ್ರವು ಕನ್ನಡವನ್ನೂ ಓದುತ್ತದೆ. ಕನ್ನಡವು ಲಾಭವನ್ನು ತರುವುದೋ ಇಲ್ಲವೋ ಎಂದು ಒಬ್ಬ ವರ್ತಕನು ಲೆಕ್ಕಹಾಕುವವರೆಗೆ ಯಾರೂ ಕಾಯಬೇಕಾಗಲಿಲ್ಲ. ಆದರೆ ಪುಸ್ತಕಕ್ಕೇ ಬೀಗವಿದ್ದರೆ ಓದುವ ಯಂತ್ರವು ಏನು ಮಾಡೀತು? ಈ ಕಾರಣದಿಂದಲೇ ನಮ್ಮ ದೇಶದ 2012ರ ತಿದ್ದುಪಡಿಯು, ಅಂಗವಿಕಲರಿಗೆ ಓದಲನುಕೂಲವಾಗುವ ರೂಪಕ್ಕೆ ಕೃತಿಗಳನ್ನು ಪರಿವರ್ತಿಸುವುದಕ್ಕೆ ಅವಕಾಶವನ್ನು ಕೊಟ್ಟಿತು. ಇದೇ ಉದ್ದೇಶದಿಂದ 2013ರಲ್ಲಿ ಮಾರಾಕೇಶ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಎಲ್ಲಕ್ಕೂ ಮೊದಲು ಸ್ಥಿರೀಕರಿಸಿದ ದೇಶವು ಭಾರತವೇ.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷದ ಮಾತನ್ನೂ ಕೇಳಬೇಕು. ಬರೆಯುವವನೂ ಹಾಡುವವನೂ ಉಣ್ಣಬೇಡವೆ? ಒಂದು ಪ್ರತಿಯನ್ನು ಕ್ಷಣಮಾತ್ರದಲ್ಲಿ ಸಾವಿರ ಮಾಡಬಹುದಾದ ಈ ಕಾಲದಲ್ಲಿ ಬೀಗವಿಲ್ಲದಿದ್ದರೆ ಗ್ರಂಥಕರ್ತನ ಗತಿಯೇನು? ಪ್ರಶ್ನೆಯು ನ್ಯಾಯವಾದುದು. ಮತ್ತೊಬ್ಬರ ಕೃತಿಯನ್ನು ಕದ್ದು ಹಂಚುವುದು ತಪ್ಪೆಂಬುದರಲ್ಲಿ ನಮಗೆ ಸಂದೇಹವೇ ಇಲ್ಲ. ಕನ್ನಡದ ಲೇಖಕನಿಗಂತೂ ಒಂದೊಂದು ಪ್ರತಿಯ ಗೌರವಧನವೂ ಬೆಲೆಯುಳ್ಳದ್ದು. ಆದರೆ ಬೀಗವು ಕಳ್ಳನನ್ನು ತಡೆಯುವುದೆ ಎಂದು ನೋಡಿದರೆ, ಅನುಭವವು ಬೇರೆ ಮಾತನ್ನು ಹೇಳುತ್ತದೆ. ಆಪಲ್ ಕಂಪೆನಿಯ ಸ್ಟೀವ್ ಜಾಬ್ಸರು 2007ರಲ್ಲಿ ಸಂಗೀತದ ಬೀಗಗಳನ್ನು ತೆಗೆಯಬೇಕೆಂದು ಬಹಿರಂಗವಾಗಿ ವಾದಿಸಿದರು. 2009ರಲ್ಲಿ ಅವರ ಅಂಗಡಿಯ ಹಾಡುಗಳೆಲ್ಲ ಬೀಗವಿಲ್ಲದೆಯೇ ಮಾರಾಟಕ್ಕೆ ಬಂದವು. ವ್ಯಾಪಾರವು ಮುಳುಗಲಿಲ್ಲ. ಟಾರ್ ಎಂಬ ಪ್ರಕಾಶಕರು 2012ರಲ್ಲಿ ತಮ್ಮ ಡಿಜಿಟಲ್ ಪುಸ್ತಕಗಳ ಬೀಗವನ್ನು ತೆಗೆದು, ಒಂದು ವರ್ಷದ ಅನಂತರ, ಕಳವು ಗಮನಾರ್ಹವಾಗಿ ಹೆಚ್ಚಿಲ್ಲವೆಂದು ತಾವೇ ಪ್ರಕಟಿಸಿದರು. ಕಳ್ಳನು ಬೀಗವನ್ನು ಮುರಿದು ಆಚೆಗೆ ಹೋಗಿರುತ್ತಾನೆ. ಒಳಗೆ ಸಿಕ್ಕಿಕೊಂಡು ತೊಂದರೆ ಪಡುವವನು ಹಣ ಕೊಟ್ಟ ಗೃಹಸ್ಥನು.

ಮುಕ್ತ ತಂತ್ರಾಂಶದಲ್ಲಿಯೂ ದೋಷಗಳಿಲ್ಲದಿಲ್ಲ. ಎಲ್ಲರೂ ನೋಡಬಹುದೆಂದರೆ ಎಲ್ಲರೂ ನೋಡುತ್ತಾರೆಂದು ಅರ್ಥವಾಗದು. ಹಣದ ವ್ಯವಹಾರಗಳನ್ನೂ ಗುಪ್ತಪದಗಳನ್ನೂ ಕಾಪಾಡುವ ಓಪನ್ ಎಸ್ ಎಸ್ ಎಲ್ ಎಂಬ ತಂತ್ರಾಂಶದಲ್ಲಿ 2012ರಿಂದ ಅಡಗಿದ್ದ ಒಂದು ದೊಡ್ಡ ತಪ್ಪು 2014ರ ಏಪ್ರಿಲ್‌ವರೆಗೂ ಲೋಕಕ್ಕೆ ತಿಳಿಯಲಿಲ್ಲ. ಲೋಕದ ಎಷ್ಟೋ ದೊಡ್ಡ ಕಂಪೆನಿಗಳು ನೆಚ್ಚಿದ್ದ ಆ ಕೃತಿಯನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. 2024ರಲ್ಲಿ ಇನ್ನೂ ಭಯಂಕರವಾದುದು ನಡೆಯಿತು. ಎಕ್ಸ್ ಜೆಡ್ ಎಂಬ ಸಣ್ಣ ತಂತ್ರಾಂಶವನ್ನು ಒಬ್ಬ ಸ್ವಯಂಸೇವಕರು ಬಹುಕಾಲದಿಂದ ನೋಡಿಕೊಳ್ಳುತ್ತಿದ್ದರು. ಸಹಾಯಕನ ವೇಷದಲ್ಲಿ ಬಂದವನೊಬ್ಬನು ಎರಡು ವರ್ಷಕ್ಕೂ ಹೆಚ್ಚುಕಾಲ ಅವರ ವಿಶ್ವಾಸವನ್ನು ಗಳಿಸಿ, ಕೊನೆಗೆ ಅದರಲ್ಲಿ ಕಳ್ಳಬಾಗಿಲನ್ನಿಟ್ಟನು. ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರರು, ತಮ್ಮ ಯಂತ್ರದಲ್ಲಿ ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿರುವುದನ್ನು ಕಂಡು, ಕಾರಣವನ್ನು ಹುಡುಕುತ್ತ ಹೋಗಿ ಆ ಮೋಸವನ್ನು ಮಾರ್ಚ್ ತಿಂಗಳಿನಲ್ಲಿ ಬಯಲಿಗೆಳೆದರು. ಮೂಲಸಂಕೇತವು ತೆರೆದಿದ್ದುದರಿಂದಲೇ ಅವರು ಹುಡುಕಲು ಸಾಧ್ಯವಾಯಿತೆಂಬುದು ಒಂದು ಪಾಠ. ದಣಿದ ಒಬ್ಬ ಸ್ವಯಂಸೇವಕರ ಮೇಲೆ ಲೋಕವೆಲ್ಲ ಭಾರ ಹಾಕಿ ಕುಳಿತಿದ್ದಿತೆಂಬುದು ಇನ್ನೊಂದು. ಊರ ಬಾವಿಯ ನೀರನ್ನು ಎಲ್ಲರೂ ಸೇದುವುದಾದರೆ ಹೂಳನ್ನೂ ಎಲ್ಲರೂ ಸೇರಿಯೇ ತೆಗೆಯಬೇಕಾಗುತ್ತದೆ. ಮುಕ್ತ ತಂತ್ರಾಂಶದಿಂದ ಲಾಭ ಪಡೆಯುವ ಸಿರಿವಂತ ಕಂಪೆನಿಗಳು ಇದನ್ನು ಸಾಕಷ್ಟು ಮಾಡುತ್ತಿಲ್ಲವೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಗ್ರಂಥಗಳ ವಿಷಯಕ್ಕೆ ಬಂದರೆ, ಪೂರ್ತಿ ಬೀಗಕ್ಕೂ ಪೂರ್ತಿ ಬಿಟ್ಟುಕೊಡುವುದಕ್ಕೂ ನಡುವೆ ದಾರಿಗಳುಂಟು. ನಮ್ಮ ದೇಶದಲ್ಲಿ ಗ್ರಂಥಸ್ವಾಮ್ಯವು ಗ್ರಂಥಕರ್ತನ ಜೀವಿತಕಾಲವೂ ಅನಂತರ 60 ವರ್ಷಗಳೂ ಇರುತ್ತದೆ. 1937ರಲ್ಲಿ ದಿವಂಗತರಾದ ಪಂಜೆ ಮಂಗೇಶರಾಯರ ಕೃತಿಗಳೂ, 1946ರಲ್ಲಿ ದಿವಂಗತರಾದ ಬಿ.ಎಂ. ಶ್ರೀಕಂಠಯ್ಯನವರ ಕೃತಿಗಳೂ ಈಗ ಸಮಸ್ತ ಕನ್ನಡಿಗರ ಸೊತ್ತು. ಅಷ್ಟು ಕಾಲ ಕಾಯಲೊಲ್ಲದ ಗ್ರಂಥಕರ್ತರಿಗಾಗಿ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆಯು 2002ರಲ್ಲಿ ಸಿದ್ಧಪರವಾನಿಗೆಗಳನ್ನು ಪ್ರಕಟಿಸಿತು. ಹೆಸರನ್ನು ಹೇಳಿ ಬಳಸಿರಿ, ಇಲ್ಲವೆ ವ್ಯಾಪಾರಕ್ಕಲ್ಲದೆ ಬಳಸಿರಿ ಎಂದು ಕರ್ತೃವೇ ತನ್ನಿಚ್ಛೆಯಂತೆ ಆರಿಸಿಕೊಳ್ಳಬಹುದು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಇಂತಹ ಪರವಾನಿಗೆಯಡಿಯಲ್ಲಿ ಬಿಟ್ಟುಕೊಟ್ಟಿತು. ಇಂತಹ ಔದಾರ್ಯವು ಕನ್ನಡಕ್ಕೆ ಎಷ್ಟು ಬಂದರೂ ಸಾಲದು. ಆದರೆ ಅದು ಕೊಡುವವನ ಮನಸ್ಸಿನಿಂದಲೇ ಬರಬೇಕು.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಬಾಡಿಗೆಯ ವಸ್ತುವನ್ನು ನಾವು ಹಳಿಯುವುದಿಲ್ಲ. ಒಂದು ತಿಂಗಳು ಚಂದಾ ಕೊಟ್ಟು ಚಲಚ್ಚಿತ್ರಗಳನ್ನು ನೋಡಿದರೆ ಅದು ವಾಚನಾಲಯದ ಚಂದಾ ಇದ್ದಂತೆ. ಬಾಡಿಗೆಯೆಂದು ತಿಳಿದು ಕೊಟ್ಟರೆ ನಷ್ಟವಿಲ್ಲ. ಆದರೆ ‘ಕೊಳ್ಳುವೆನು’ ಎಂದು ಹಣವನ್ನು ತೆರುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅಂಗಡಿಯು ಮುಚ್ಚಿದರೂ ಇದು ತೆರೆಯುವುದೆ? ಹೆಂಡತಿಗೋ ತಂಗಿಗೋ ಓದಲು ಕೊಡಬಹುದೆ? ಬೇರೊಂದು ಯಂತ್ರಕ್ಕೆ ಸಾಗಿಸಬಹುದೆ? ನಮ್ಮ ತರುವಾಯ ಮಕ್ಕಳಿಗೆ ಸೇರುವುದೆ? ಎಲ್ಲಕ್ಕೂ ಇಲ್ಲವೆಂದೇ ಉತ್ತರವಾದರೆ, ಬಾಡಿಗೆಗೆ ತಕ್ಕ ಬೆಲೆಯನ್ನು ಮಾತ್ರ ಕೊಡಲಿ. ಬಹುಕಾಲ ಉಳಿಯಬೇಕೆಂಬ ಪುಸ್ತಕವನ್ನು ಕಾಗದದಲ್ಲಾಗಲಿ ಬೀಗವಿಲ್ಲದ ಕಡತದಲ್ಲಾಗಲಿ ಕೊಳ್ಳಲಿ.

ನಮ್ಮ ಮನೆಯಲ್ಲಿಯೇ ಹುಟ್ಟಿದ ಬರಹಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರವು ಬೇಕು. ವಂಶಾವಳಿ, ಅಮ್ಮನ ಅಡಿಗೆಯ ಟಿಪ್ಪಣಿಗಳು, ಹಿರಿಯರ ಪತ್ರಗಳು, ಹಬ್ಬದ ಹಾಡುಗಳು ಇವುಗಳನ್ನು ಯೂನಿಕೋಡಿನಲ್ಲಿ, ನಿಯಮವು ಬಹಿರಂಗವಾಗಿರುವ ಕಡತದ ರೂಪದಲ್ಲಿ ಇಡತಕ್ಕದ್ದು. ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶವು ಬಳಸುವ ಓ.ಡಿ.ಎಫ್. ರೂಪವು 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿದೆ. ಇದಕ್ಕೆ ಬೆಲೆಯೂ ಇಲ್ಲ. ಹಳೆಯ ಅಕ್ಷರಶೈಲಿಯ ಕಡತಗಳು ಮನೆಯಲ್ಲಿದ್ದರೆ ಅವುಗಳನ್ನು ಬಲ್ಲವರು ದೊರೆಯುವಾಗಲೇ ಪರಿವರ್ತಿಸಿಕೊಳ್ಳುವುದು ಲೇಸು. ಮತ್ತು ಯಾರೋ ಅಪರಿಚಿತರು ಬರೆದ ಮುಕ್ತ ತಂತ್ರಾಂಶವು ನಿಮ್ಮ ಕೆಲಸವನ್ನು ನಡೆಸಿಕೊಟ್ಟರೆ, ಅವರಿಗೆ ಒಂದು ಕಾಣಿಕೆಯನ್ನೋ, ಕನ್ನಡದಲ್ಲಿ ಕಂಡ ತಪ್ಪಿನ ಸುದ್ದಿಯನ್ನೋ ಕಳುಹಿಸಿದರೆ ಅದೂ ಹೂಳು ತೆಗೆದಂತೆಯೇ.

ನಮ್ಮ ಮಿತ್ರರ ತಂದೆಯವರ ಪುಸ್ತಕವು ಅಚ್ಚಾಯಿತು. ಮದುವೆಯ ಮನೆಯಲ್ಲಿ ನಮಗೂ ಒಂದು ಪ್ರತಿಯನ್ನು ಕೊಟ್ಟರು. ಮೊದಲನೆಯ ಪುಟದಲ್ಲಿ ನಮ್ಮ ಹೆಸರನ್ನೂ ತಾರೀಖನ್ನೂ ಬರೆದು ಬೀರುವಿನಲ್ಲಿಟ್ಟಿದ್ದೇವೆ. ಕೇಳಿದವರಿಗೆ ಓದಲು ಕೊಡುವೆವು.